ಕಚ್ಚದ ಕಣಜ

ಕಾಂತರಾಜ್ ಕೆಳತುಟಿಯನ್ನು ನೀರಿನ ಚೊಂಬಿನೊಳಗೆ ಮುಳುಗಿಸಿ ಕೂತಿದ್ದ. ಮಾವ ಓಂಕಾರಪ್ಪ ಸ್ಟೂಲು ಹತ್ತಿ, ಪೊರಕೆ ಹಿಡಿದು, ಸಜ್ಜದ ಮೇಲಿನ ಟ್ರಂಕುಗಳ ಹಿಂದೆ ಕಣಜ ಹುಡುಕುತ್ತಿದ್ದರು.

ಕಣಜ ಕಚ್ಚಿತೆಂದು ಹೇಳಿದವನು ಕಾಂತರಾಜನೇ. ನಿಜವಾಗಿ ಕಚ್ಚಿದ್ದು ಅತ್ತೆಯ ಪತ್ರೊಡೆ. ಕಾಗದನಗರದ ಮಾವನ ಕ್ವಾರ್ಟರ್ಸಿನ ಬಚ್ಚಲ ನೀರಿನಲ್ಲಿ ಕೊಬ್ಬಿ ಬೆಳೆದ ಕೆಸುವಿನೆಲೆ. ಹುಣಸೆಹುಳಿ ಸಾಲದೆ ಅದರ ತುರಿಕೆ ಹಾಗೇ ಉಳಿದಿತ್ತು. ಎರಡನೇ ತುಂಡಿಗೆ ನಾಲಿಗೆಗೆ ಸೂಜಿ ಚುಚ್ಚಿದಂತಾಯಿತು. ನಾಲ್ಕನೆಯದಕ್ಕೆ ತುಟಿ ಬೇಕರಿ ಬನ್ನಿನಂತೆ ಉಬ್ಬಿತು. ಮಾವ ಹಲ್ಲುನೋವೆಂದು ಬರೀ ಗಂಜಿ ಕುಡಿದಿದ್ದರು. ಹೆಂಡತಿ ಕವನಳಿಗೆ ಇದ್ದಕ್ಕಿದ್ದಂತೆ ಒಪ್ಪೊತ್ತು ನೆನಪಾಗಿತ್ತು.

ನಿಜ ಹೇಳುವಂತಿರಲಿಲ್ಲ. ಮದುವೆಯಾದ ಮೇಲೆ ಇದು ಮೊದಲ ಭೇಟಿ. ಶಿವಮೊಗ್ಗದಿಂದ ಬರುವಾಗ ಬಸ್ಸಿನಲ್ಲೇ ಕವನ ಎಚ್ಚರಿಸಿದ್ದಳು: ದೊಡ್ಡ ಅಳಿಯ ಒಮ್ಮೆ ಸಾರಿಗೆ ಉಪ್ಪು ಜಾಸ್ತಿ ಎಂದಿದ್ದ, ಅಮ್ಮ ಇವತ್ತಿಗೂ ಅವನ ಜೊತೆ ಗೋಡೆ ನೋಡಿಕೊಂಡೇ ಮಾತಾಡುತ್ತಾಳೆ.

ಅತ್ತೆ ಕರಿಬಸಮ್ಮ ತುಟಿಗೆ ಸುಣ್ಣ ಹಚ್ಚಿದರು, ಮೇಲೆ ಈರುಳ್ಳಿ ತಿಕ್ಕಿದರು. ಕಾಂತರಾಜನ ಕಣ್ಣಲ್ಲಿ ನೀರು ಬಂದದ್ದು ನೋಡಿ ವಿಷ ಇಳಿಯುತ್ತಿದೆ ಎಂದರು. ಪಕ್ಕದ ಮನೆಯ ಹಾಲಸ್ವಾಮಿ ಕಣಜ ಓಡಿಸಲು ಬೇವಿನಸೊಪ್ಪಿನ ಹೊಗೆ ಹಾಕಿದ. ಮನೆಮಂದಿಯೆಲ್ಲ ಕೆಮ್ಮುತ್ತ ರಸ್ತೆಗೆ ಬಂದು ನಿಂತರು. ಕಣಜ ಮಾತ್ರ ಬರಲಿಲ್ಲ.

ಕೊನೆಗೆ ಮಾವ ಅವನನ್ನು ಲೂನಾದ ಹಿಂದೆ ಕೂರಿಸಿಕೊಂಡು ಡಾಕ್ಟರ ಬಳಿ ಹೋದರು. ಡಾಕ್ಟರು ಬಾಯಿಗೆ ಟಾರ್ಚ್ ಬಿಟ್ಟು, ಕಣಜ ಗಂಟಲಿನವರೆಗೂ ಹೋಗಿ ಬಂದಿದೆಯಲ್ಲ, ಏನು ತಿಂದಿರಿ ಎಂದು ಕೇಳಿದರು. ಕಾಂತರಾಜ್ ಮಾವನ ಮುಖ ನೋಡಿದ. ಮಾವ ಕ್ಯಾಲೆಂಡರ್ ನೋಡುತ್ತ, ಕಾಫಿ ಎಂದರು. ಡಾಕ್ಟರು ಇನ್ನೇನೂ ಕೇಳದೆ ಇಂಜೆಕ್ಷನ್ ಚುಚ್ಚಿದರು.

ವಾಪಸು ಬರುವಾಗ ಮಾವ ಲೂನಾ ನಿಧಾನ ಮಾಡಿದರು.

"ಪತ್ರೊಡೆ ಮಾಡಿದ ದಿನ ನಾನು ಹಲ್ಲುನೋವು ಅಂತೀನಿ. ನಿಮಗೆ ಮೊದಲೇ ಹೇಳ್ಬೇಕಿತ್ತು."

ಮನೆಯಲ್ಲಿ ಕರಿಬಸಮ್ಮ ಉಳಿದ ಪತ್ರೊಡೆಯನ್ನು ಕಾವಲಿಯ ಮೇಲೆ ಎಣ್ಣೆ ಬಿಟ್ಟು ಕೆಂಪಗೆ ಹುರಿದು, ತಟ್ಟೆ ತುಂಬ ತಂದಿಟ್ಟರು. ಹಾಳು ಕಣಜದ ದೆಸೆಯಿಂದ ಅಳಿಯಂದಿರು ಬೆಳಿಗ್ಗೆ ಹೊಟ್ಟೆ ತುಂಬ ತಿನ್ನಲೇ ಇಲ್ಲವಂತೆ.

ಕಾಂತರಾಜ್ ತಟ್ಟೆಯನ್ನು ನೋಡಿದ. ಗೋಡೆಯನ್ನು ನೋಡಿದ. ಆಮೇಲೆ ತಟ್ಟೆಯನ್ನು ಮೆಲ್ಲಗೆ ಅತ್ತೆಯ ಕಡೆಗೆ ಸರಿಸಿದ.

"ನೀವು ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಅತ್ತೆ. ಮೊದಲು ನೀವೊಂದು ತಗೊಳ್ಳಿ."

ಕರಿಬಸಮ್ಮ ತಟ್ಟೆಯನ್ನು ಅಷ್ಟೇ ಮೆಲ್ಲಗೆ ವಾಪಸು ಸರಿಸಿದರು.

"ನಂಗೆ ಬೇಡಪ್ಪ. ನಾನು ಕೆಸು ತಿನ್ನಲ್ಲ. ಬಾಯೆಲ್ಲ ಉರಿಯುತ್ತೆ."