ಅರ್ಧ ಬಗ್ಗಿದ ನಳಿಗೆ

ಕ್ರೀಡಾ ಸಾಮಾನಿನ ಅಂಗಡಿಯ ಹಿಂದಿನ ಉದ್ದ ಕೋಣೆಯಲ್ಲಿ ಬೆಳಗಿನಿಂದ ಠಪ್ ಠಪ್ ಸದ್ದು. ಅಂಗಡಿ ಅಣ್ಣನದು; ಆದರೆ ಏರ್ ರೈಫಲ್‌ಗಳ ವಿಷಯದಲ್ಲಿ ಕೊನೆಯ ಮಾತು ತಂಗಿಯದು. ಹದಿನೆಂಟು ವರ್ಷದಿಂದ ಅವಳು ಪಾಸ್ ಮಾಡದ ಒಂದು ಕೋವಿಯೂ ಆ ಬಾಗಿಲು ದಾಟಿಲ್ಲ. ಮೊಸರಲ್ಲಿ ಕಲ್ಲು ಹುಡುಕುವ ಹೆಂಗಸು ಎಂದು ಸರಕು ತರುವವರೆಲ್ಲ ಬೈದುಕೊಳ್ಳುತ್ತಿದ್ದರು. ಬೈಯಲಿ, ಎಷ್ಟೋ ಸಲ ಕಲ್ಲು ಸಿಕ್ಕಿದ್ದೂ ನಿಜವೇ.

ಇವತ್ತಿನದು ಅಗ್ಗದ ಮಾಲು. ಹಿತ್ತಲಲ್ಲಿ ಖಾಲಿ ಡಬ್ಬ ಸಾಲಾಗಿಟ್ಟು ರಜೆ ಕಳೆಯುವವರಿಗೆಂದು ಮಾಡಿದ್ದು. ಮಾರುವವನು ಹೊರಗೆ ಕುರ್ಚಿಯ ತುದಿಯಲ್ಲಿ ಕೂತಿದ್ದ. ಅವಳು ಹೂಂ ಅಂದರೆ ನಲವತ್ತು ಕೋವಿ ಇಳಿಸುತ್ತಾನೆ, ಉಹೂಂ ಅಂದರೆ ಪಕ್ಕದ ಬೀದಿಯ ಅಂಗಡಿಗೆ ಹೋಗುತ್ತಾನೆ.

ಹಿಡಿ ಪ್ಲಾಸ್ಟಿಕ್‌ನದು, ಟ್ರಿಗರ್ ಸ್ವಲ್ಪ ಬಿಗಿ. ಆದರೂ ಹತ್ತು ಮೀಟರಿನಲ್ಲಿ ಐದು ಗುಂಡೂ ಒಂದು ನಾಣ್ಯದ ಅಗಲದೊಳಗೆ ಬಿದ್ದಿದ್ದವು. ಈ ಕೋವಿಗೆ ಗುಂಡು ತುಂಬಲು ನಳಿಗೆಯನ್ನು ಬುಡದಲ್ಲಿ ಕೆಳಕ್ಕೆ ಬಗ್ಗಿಸಿ ತೆರೆಯಬೇಕು. ಕೊನೆಗೆ ಅವಳು ನಳಿಗೆಯನ್ನು ಪೂರ್ತಿ ಬಗ್ಗಿಸಿ, ಎಡಗೈಯಲ್ಲಿ ಗಟ್ಟಿಯಾಗಿ ಹಿಡಿದು ಟ್ರಿಗರ್ ಒತ್ತಿದಳು. ನಳಿಗೆ ತೆರೆದಿರುವಾಗ ಕೋವಿ ಹಾರಬಾರದು. ಹಾರಿದರೆ ಸ್ಪ್ರಿಂಗ್ ನಳಿಗೆಯನ್ನು ಫಟ್ಟನೆ ಮುಚ್ಚಿ, ಗುಂಡು ತುಂಬುತ್ತಿರುವ ಬೆರಳನ್ನು ಕತ್ತರಿಸಿಬಿಡುತ್ತದೆ. ಅದನ್ನು ತಡೆಯಲೆಂದೇ ಒಳಗೊಂದು ಕೊಂಡಿ ಇರುತ್ತದೆ. ಟ್ರಿಗರ್ ಕಲ್ಲಿನ ಹಾಗೆ ನಿಂತಿತು. ಚೀಟಿಯ ಮೇಲೆ 'ಒಳ್ಳೆಯದು' ಎಂದು ಬರೆದಳು.

ಊಟಕ್ಕೆ ಕರೆಯಲು ಬಂದ ಅತ್ತಿಗೆ ಗುರಿಹಲಗೆ ನೋಡಿ ನಕ್ಕಳು. "ನಿನ್ನ ಕೈಗೆ ಪೊರಕೆ ಕೊಟ್ಟರೂ ಗುರಿ ತಪ್ಪಲ್ಲ. ಇದನ್ನ ಕೊಳ್ಳೋರು ನನ್ನಂಥೋರು. ಕೊಡಿಲ್ಲಿ."

"ಆಮೇಲೆ ನೆಲ ಡೊಂಕು ಅನ್ಬೇಡ," ಎಂದ ಅವಳ ಹಿಂದೆಯೇ ಬಂದ ಅಣ್ಣ.

ಅತ್ತಿಗೆ ಸ್ಟೂಲಿನ ಮೇಲೆ ಕೂತು, ಏದುಸಿರು ಬಿಡುತ್ತ ನಳಿಗೆ ಬಗ್ಗಿಸಿದಳು. ಕ್ಲಿಕ್ ಅಂದಿತು. ಕೋವಿಯನ್ನು ತೊಡೆಯ ಮೇಲಿಟ್ಟು ನಳಿಗೆಯಿಂದ ಕೈ ತೆಗೆದಳು. ಅದು ತಾನಾಗಿ ಅರ್ಧಕ್ಕೆ ಏರಿ ನಿಂತಿತು. ಗುಂಡು ಒಳಗೆ ಹೋಗಲೊಲ್ಲದು. ಅತ್ತಿಗೆ ಎಡಗೈ ಹೆಬ್ಬೆರಳಿನಿಂದ ಅದನ್ನು ಒತ್ತುತ್ತಿದ್ದಳು, ಬಲಗೈಯ ತೋರುಬೆರಳು ಟ್ರಿಗರಿನ ಮೇಲಿತ್ತು.

ಬೈಯಲು ಬಾಯಿ ತೆರೆದ ತಂಗಿ ಅಲ್ಲೇ ನಿಂತಳು. ಟ್ರಿಗರ್ ಅಲುಗುತ್ತಿತ್ತು. ತಾನು ಬಲ ಹಾಕಿ ಒತ್ತಿದರೂ ಜಗ್ಗದ ಟ್ರಿಗರ್ ಅತ್ತಿಗೆಯ ಬೆರಳಿಗೆ ಕೂದಲೆಳೆಯಷ್ಟು ಹಿಂದೆ ಸರಿದಿತ್ತು.

ಕೂಗಿದರೆ ಅತ್ತಿಗೆ ಬೆಚ್ಚುತ್ತಾಳೆ, ಬೆಚ್ಚಿದರೆ ಬೆರಳು ಬಿಗಿಯುತ್ತದೆ.

"ಅತ್ತಿಗೆ," ಎಂದಳು, ಮಗುವನ್ನು ಮಲಗಿಸುವ ದನಿಯಲ್ಲಿ. "ಹಾಗೇ ಇರಿ. ಒತ್ತಬೇಡಿ."

"ಯಾಕೆ, ತಪ್ಪಾಯ್ತಾ?"

"ಏನಿಲ್ಲ. ಮೊದಲು ಹೆಬ್ಬೆರಳು ತೆಗೀರಿ. ನಿಧಾನ."

ಹೆಬ್ಬೆರಳು ಹೊರಗೆ ಬಂತು. ಆಮೇಲೆ ಟ್ರಿಗರಿನ ಮೇಲಿದ್ದ ಬೆರಳು. ತಂಗಿ ಎರಡು ಹೆಜ್ಜೆಗೆ ಹೋಗಿ ನಳಿಗೆ ಹಿಡಿದಳು.

ಕೋವಿಯನ್ನು ಮೇಜಿಗೆ ಬಿಗಿದು, ನಳಿಗೆಯನ್ನು ಅರ್ಧಕ್ಕೇ ಬಿಟ್ಟು, ಅತ್ತಿಗೆಯ ಹೆಬ್ಬೆರಳಿದ್ದ ಜಾಗದಲ್ಲಿ ಪೆನ್ಸಿಲ್ ಇಟ್ಟಳು. ದೂರ ನಿಂತು ಟ್ರಿಗರಿಗೆ ಕಟ್ಟಿದ ದಾರ ಎಳೆದಳು. ಫಟ್! ಪೆನ್ಸಿಲಿನ ತುಂಡು ಗೋಡೆಗೆ ಬಡಿದು ನೆಲಕ್ಕೆ ಬಿತ್ತು. ಅತ್ತಿಗೆ ತನ್ನ ಹೆಬ್ಬೆರಳನ್ನು ಮುಷ್ಟಿಯೊಳಗೆ ಮುಚ್ಚಿಕೊಂಡಳು.

"ಸದ್ಯ, ಉಳೀತು," ಎಂದ ಅಣ್ಣ. "ಈ ಮಾಲು ವಾಪಸ್. ಮುಗೀತಲ್ಲ?"

"ಮುಗೀಲಿಲ್ಲ ಅಣ್ಣ. ನಳಿಗೆ ಅರ್ಧಕ್ಕೆ ಬಂದ್ರೆ ಕೊಂಡಿ ಹಿಡಿಯಲ್ಲ. ನಾನು ಯಾವಾಗ್ಲೂ ಪೂರ್ತಿ ಬಗ್ಗಿಸಿ, ಹಿಡ್ಕೊಂಡೇ ನೋಡಿದ್ದೀನಿ. ಗೊತ್ತಿಲ್ಲದೋರು ಹೇಗೆ ಬಿಟ್ಟುಬಿಡ್ತಾರೆ ಅಂತ ಒಂದು ದಿನವೂ ನೋಡ್ಲಿಲ್ಲ."

ಅತ್ತಿಗೆ ಮೆಲ್ಲಗೆ ಕೇಳಿದಳು, "ನನ್ನ ಮಗಳಿಗೆ ಒಂದು ಕೋವಿ ಕೊಟ್ಟೆಯಲ್ಲ, ಅದನ್ನೂ ಹೀಗೇ ನೋಡಿದ್ದಾ?"

"ಹೂಂ. ಹೀಗೇ."

ತಂಗಿ ಕೂಡಲೇ ಅಣ್ಣನ ಮಗಳಿಗೆ ಫೋನ್ ಮಾಡಿದಳು. ಹುಡುಗಿಯ ದನಿ ನಗುನಗುತ್ತ ಬಂತು. "ಕೋವಿನಾ? ಬೀರು ಮೇಲಿದೆ ಅತ್ತೆ. ಯಾಕೆ?"

"ಮುಟ್ಬೇಡ ಪುಟ್ಟಿ. ನಾನು ಅದನ್ನ ಸರಿಯಾಗಿ ನೋಡಿರಲಿಲ್ಲ."

ಫೋನ್ ಕೆಳಗಿಡಲಿಲ್ಲ. ಕೊಂಡವರ ನಂಬರುಗಳಿದ್ದ ಪುಸ್ತಕ ತೆರೆದು, ಮೊದಲ ಪುಟದಿಂದ ಅದೇ ಮಾತು ಹೇಳಲು ಶುರುಮಾಡಿದಳು.