ಹೆಸರು ಕೇಳದೆ ಸೂಜಿ ಎತ್ತದವರು

ಎದುರಿಗೆ ಬಂದು ಕೂತವಳು ಹೆತ್ತ ತಾಯಿಯೇ ಆಗಿದ್ದರೂ ಹೆಸರು ಕೇಳದೆ ಅವರು ಸೂಜಿ ಎತ್ತುತ್ತಿರಲಿಲ್ಲ. ಒಮ್ಮೆ ನಿಜವಾಗಿಯೂ ತಾಯಿಯೇ ಬಂದು ಕೂತಿದ್ದಳು. "ಹೆಸರು ಹೇಳಿ," ಎಂದರು. "ನಿನ್ನ ಹೆತ್ತು ಐವತ್ತು ವರ್ಷ ಆಯ್ತಲ್ಲೋ, ಇನ್ನೂ ಗೊತ್ತಾಗ್ಲಿಲ್ವಾ?" ಎಂದು ಮುದುಕಿ ಗದರಿದಳು. ಅವರು ಸೂಜಿಯನ್ನು ತಟ್ಟೆಯಲ್ಲಿಟ್ಟು ಕಾದರು. ಹೆಸರು, ಹುಟ್ಟಿದ ವರ್ಷ ಎರಡನ್ನೂ ಆಕೆ ಒಪ್ಪಿಸಿದ ಮೇಲೆಯೇ ತೋಳಿಗೆ ಪಟ್ಟಿ ಬಿಗಿದದ್ದು. ಇಡೀ ಆಸ್ಪತ್ರೆ ಅವರನ್ನು ಹೆಸರಣ್ಣ ಎಂದು ಕರೆಯುತ್ತಿದ್ದುದು ಇದಕ್ಕಾಗಿಯೇ.

ಮೂರನೆಯ ಮಹಡಿಯ ತುದಿಯಲ್ಲಿ ಕೈಯಿರುವ ಒಂದು ಕುರ್ಚಿ, ಒಂದು ಫ್ರಿಜ್ಜು, ನೇರಳೆ ಮುಚ್ಚಳದ ನಳಿಕೆಗಳ ಪೆಟ್ಟಿಗೆ: ಇಷ್ಟು ಅವರ ಸಾಮ್ರಾಜ್ಯ. ವಂಶಪಾರಂಪರ್ಯವಾಗಿ ಇಳಿದುಬರುವ ಕಾಯಿಲೆಗಳ ಗುಟ್ಟನ್ನು ರಕ್ತದಲ್ಲಿ ಹುಡುಕುವ ಆ ವಿಭಾಗಕ್ಕೆ ಇಪ್ಪತ್ತಾರು ವರ್ಷ ಅವರು ರಕ್ತ ತೆಗೆದುಕೊಟ್ಟರು. ತುಂಬಿದ ನಳಿಕೆಯನ್ನು ಅಲ್ಲಾಡಿಸಬಾರದು. ನಿದ್ದೆಯಲ್ಲಿರುವ ಕೂಸಿನ ಮಗ್ಗುಲು ಬದಲಿಸುವಂತೆ ಎಂಟು ಸಲ ಮೆಲ್ಲನೆ ತಲೆಕೆಳಗು ಮಾಡಿ, ಹೆಪ್ಪುಗಟ್ಟದಂತೆ ಒಳಗಿನ ಔಷಧದೊಡನೆ ಬೆರೆಸಿ, ಕೊಟ್ಟವರ ಕಣ್ಣೆದುರಿಗೇ ಹೆಸರಿನ ಚೀಟಿ ಅಂಟಿಸಬೇಕು. ಮೊದಲೇ ಚೀಟಿ ಅಂಟಿಸಿಟ್ಟ ಖಾಲಿ ನಳಿಕೆ ಕಣ್ಣಿಗೆ ಬಿದ್ದರೆ ಹೆಸರಣ್ಣನಿಗೆ ಮೈಯೆಲ್ಲ ಉರಿಯುತ್ತಿತ್ತು. ಜೇಬಿನ ಬಳಿ ಶಾಯಿ ಇಂಗಿದ ಬಿಳಿ ಕೋಟು ತೊಟ್ಟು, ತಟ್ಟೆಯನ್ನು ಎದೆಗವಚಿಕೊಂಡು, ಗೋಡೆಯ ಪಕ್ಕದಲ್ಲೇ ಹೆಜ್ಜೆಯೂರುತ್ತ ಅವರು ಬರುತ್ತಿದ್ದರೆ ಅವಸರದವರೂ ದಾರಿ ಬಿಡುತ್ತಿದ್ದರು.

ಹೆಸರಿನ ನಂತರ ಅವರದು ಇನ್ನೊಂದು ಪ್ರಶ್ನೆ: "ಬೇರೆಯವರ ರಕ್ತ, ಅಸ್ಥಿಮಜ್ಜೆ ಏನಾದ್ರೂ ಹಾಕಿಸ್ಕೊಂಡಿದ್ದೀರಾ?" ಮಜ್ಜೆ ಬೇರೆಯವರದಾದರೆ ಅದು ಹುಟ್ಟಿಸುವ ರಕ್ತವೂ ಕೊಟ್ಟವರದೇ ಆಗಿರುತ್ತದೆ, ಪರೀಕ್ಷೆ ಇನ್ನಾರದೋ ಗುಟ್ಟು ಹೇಳಿಬಿಡುತ್ತದೆ. ಇದನ್ನು ಹೆಸರಣ್ಣನಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಹದಿನಾಲ್ಕು ವರ್ಷದ ಹಿಂದೆ ರಕ್ತದ ಕಾಯಿಲೆ ಅವರನ್ನು ಹಾಸಿಗೆಗೆ ಕೆಡವಿದಾಗ ಮಜ್ಜೆ ಕೊಟ್ಟು ಉಳಿಸಿಕೊಂಡವಳು ಒಬ್ಬಳೇ ತಂಗಿ. ಅವರ ರಕ್ತದ ಗುಂಪು ಕೂಡ ಬದಲಾಗಿ ಅವಳದೇ ಆಗಿಹೋಯಿತು. ಅಂದಿನಿಂದ ಅಣ್ಣ ದನಿಯೇರಿಸಿದರೆ ಸಾಕು, "ಸ್ವಲ್ಪ ತಡ್ಕೋ ಅಣ್ಣ, ಕುದೀತಿರೋದು ನನ್ನ ರಕ್ತ," ಎನ್ನುತ್ತಿದ್ದಳು. ಅವರ ಸಿಟ್ಟು ಅಲ್ಲಿಗೇ ಇಳಿಯುತ್ತಿತ್ತು.

ಆ ತಂಗಿ ಒಂದು ಬೆಳಿಗ್ಗೆ ಬಟ್ಟೆ ಒಣಹಾಕುತ್ತಿದ್ದವಳು ಹಗ್ಗ ಹಿಡಿದುಕೊಂಡೇ ಕುಸಿದಳು. ಮೂವತ್ತೆಂಟು ವರ್ಷ. ಹೃದಯ ತಾಳ ತಪ್ಪಿತ್ತು, ವಂಶದಲ್ಲಿ ಇಳಿದುಬಂದ ದೋಷವಿರಬಹುದು ಎಂದರು. ಹೆಸರಣ್ಣ ಎಲ್ಲ ಕಾಗದಪತ್ರಗಳನ್ನೂ ಒಬ್ಬರೇ ಓಡಾಡಿ ಮುಗಿಸಿದರು. ಒಂದು ಹನಿ ಕಣ್ಣೀರು ಹಾಕಲಿಲ್ಲ. ಅವಳಿಗೆ ಹನ್ನೊಂದು ವರ್ಷದ ಮಗಳಿದ್ದಳು, ನಡೆಯುವುದೇ ಗೊತ್ತಿಲ್ಲದೆ ಸದಾ ಓಡುವ ಹುಡುಗಿ. ತಾಯಿಯ ರಕ್ತದಲ್ಲಿದ್ದ ದೋಷ ಯಾವುದೆಂದು ತಿಳಿದರೆ ಮಗಳಲ್ಲಿ ಅದನ್ನೇ ಹುಡುಕಬಹುದಿತ್ತು. ಆದರೆ ಸತ್ತವಳ ಒಂದು ತೊಟ್ಟು ರಕ್ತವನ್ನೂ ಯಾರೂ ತೆಗೆದಿಟ್ಟಿರಲಿಲ್ಲ. ಮೂರು ತಿಂಗಳು ಕಳೆದು ಹೆಸರಣ್ಣ ಕೇಳಿದಾಗ ವಿಭಾಗದ ಡಾಕ್ಟರಮ್ಮ ಕೈಚೆಲ್ಲಿದರು. ಒಡಹುಟ್ಟಿದವರದಾದರೂ ಇರಲಿ, ನೋಡೋಣ ಎಂದರು. ಅಂದೇ ಸಂಜೆ ಹೆಸರಣ್ಣ ಹುಡುಗಿಯ ರಕ್ತ ತೆಗೆದರು, ಎಡಗೈಗೆ ಸೂಜಿ ಚುಚ್ಚಿ ತಮ್ಮದನ್ನೂ ತೆಗೆದರು, ತಮ್ಮ ಹೆಸರಿನ ಚೀಟಿ ಅಂಟಿಸಿ ಫ್ರಿಜ್ಜಿನಲ್ಲಿಟ್ಟರು. ಊರಿಗೆಲ್ಲ ಕೇಳುವ ಪ್ರಶ್ನೆಯನ್ನು ತಮಗೆ ಕೇಳಿಕೊಳ್ಳಲಿಲ್ಲ.

ಅದನ್ನು ಕೇಳಿದವನು ಮರುದಿನ ಬೆಳಿಗ್ಗೆ ಬಂದ ಒಬ್ಬ ಬಸ್ ಡ್ರೈವರ್. "ನಾನೇನೂ ಹಾಕಿಸ್ಕೊಂಡಿಲ್ಲ ಸ್ವಾಮಿ. ನೀವು?" ಎಂದು ತಮಾಷೆ ಮಾಡಿದ. ಹೆಸರಣ್ಣ ಕೈಯಲ್ಲಿದ್ದ ಹತ್ತಿಯನ್ನು ಕೆಳಗಿಟ್ಟು ಎದ್ದುಹೋದರು. ಅವರು ಓಡಿದ್ದನ್ನು ಆಸ್ಪತ್ರೆ ಕಂಡದ್ದು ಅದೊಂದೇ ಸಲ.

"ನಿನ್ನೆ ಇಟ್ಟ ನಳಿಕೆಗೆ ತಪ್ಪು ಚೀಟಿ ಅಂಟಿಸಿದ್ದೀನಿ ಮೇಡಂ."

"ಯಾರ ರಕ್ತ ಅದು?"

"ನನ್ನ ತಂಗೀದು."

ಡಾಕ್ಟರಮ್ಮನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಆಮೇಲೆ ಪೆನ್ನು ಕೆಳಗಿಟ್ಟು, ಫ್ರಿಜ್ಜಿನಿಂದ ಆ ನಳಿಕೆ ತರಿಸಿದರು.

ತಪ್ಪು ಚೀಟಿಯ ಮೇಲೆ ಸರಿಯಾದ ಚೀಟಿ ಅಂಟಿಸುವಂತಿಲ್ಲ, ಚೆಲ್ಲಿ ಮತ್ತೆ ತೆಗೆಯಬೇಕು. ಆ ನಿಯಮ ಮಾಡಿದವರು ಹೆಸರಣ್ಣನೇ. ಈ ಸಲ ಅವರು ರೋಗಿಯ ಕುರ್ಚಿಯಲ್ಲಿ ಕೂತರು. ಅವರೇ ಕೆಲಸ ಕಲಿಸಿದ ನರ್ಸು ಪಟ್ಟಿ ಬಿಗಿದು, ಕಲಿಸಿದಂತೆಯೇ, "ಹೆಸರು ಹೇಳಿ," ಎಂದಳು. ತಂಗಿ ಸತ್ತ ಮೂರು ತಿಂಗಳಲ್ಲಿ ಅವರ ಬಾಯಲ್ಲಿ ಆ ಹೆಸರು ಬಂದಿರಲಿಲ್ಲ. ನರ್ಸು ಸೂಜಿಯನ್ನು ತಟ್ಟೆಯಲ್ಲಿಟ್ಟು ಕಾದಳು. ಕೊನೆಗೆ ಹೇಳಿದರು. ತಂಗಿ ಹುಟ್ಟಿದ ವರ್ಷವನ್ನೂ ಹೇಳಿದರು.

ತುಂಬಿದ ನಳಿಕೆಯನ್ನು ಕೇಳಿ ಕೈಗೆ ತೆಗೆದುಕೊಂಡರು. ಬೆಚ್ಚಗಿತ್ತು. ಮೆಲ್ಲನೆ ತಿರುಗಿಸಿದರು. ಎಂಟಾಯಿತು, ಹತ್ತಾಯಿತು, ಅವರು ತಿರುಗಿಸುತ್ತಲೇ ಇದ್ದರು.

"ಸಾಕು ಅಣ್ಣ, ಕೊಡಿ," ಎಂದಳು ನರ್ಸು.

ದೋಷ ಆ ರಕ್ತದಲ್ಲಿ ಸಿಕ್ಕಿತು, ಮಗಳಲ್ಲಿಯೂ ಸಿಕ್ಕಿತು. ಅವಳು ಇನ್ನು ಓಡುವಂತಿಲ್ಲ, ದಿನಕ್ಕೆರಡು ಮಾತ್ರೆ ತಪ್ಪಿಸುವಂತಿಲ್ಲ. "ಅಮ್ಮಂದೇ ನಂಗೂ ಬಂದಿದ್ಯಾ ಮಾಮ?" ಎಂದು ಕೇಳಿದಳಂತೆ. "ಹೂಂ ಪುಟ್ಟ. ಅಮ್ಮಂಗೆ ಗೊತ್ತಿರ್ಲಿಲ್ಲ, ನಿಂಗೆ ಗೊತ್ತಾಯ್ತು," ಎಂದರಂತೆ.

ಇಂಥವರ ಹೆಸರು ಯಾವ ವರದಿಯ ಕೆಳಗೂ ಇರುವುದಿಲ್ಲ. ಒಬ್ಬರ ನೋವು ಇನ್ನೊಬ್ಬರ ಹೆಸರಿಗೆ ಹೋಗದಿರಲೆಂದು ಆಯುಷ್ಯವೆಲ್ಲ ಕಾವಲು ಕಾಯುವ ಈ ಜನಕ್ಕೆ ತಮ್ಮ ದುಃಖವನ್ನೂ ಹೆಸರಿಲ್ಲದೆ ಮುಟ್ಟಲು ಬರುವುದಿಲ್ಲ. ಹೆಸರಣ್ಣ ತಂಗಿಗಾಗಿ ಅತ್ತದ್ದು ಆ ಕುರ್ಚಿಯಲ್ಲೇ, ಚೀಟಿ ಸರಿಯಾಗಿ ಅಂಟಿದ್ದನ್ನು ನೋಡಿದ ಮೇಲೆ, ತೋಳಿಗೆ ಹತ್ತಿ ಒತ್ತಿಕೊಂಡು.