ಭೂಮಿ ತಂತಿ

ಅನುಸೂಯಮ್ಮ ಸ್ಟೂಲಿನ ಮೇಲೆ ನಿಂತು, ನಿನ್ನೆ ಯಾರೋ ಕಿತ್ತಿಟ್ಟಿದ್ದ ಫ್ಯೂಸನ್ನು ಮತ್ತೆ ಒತ್ತಿ ಕೂರಿಸುತ್ತಿದ್ದಳು. ಗೋಡೆಯಾಚೆ ಪಡಸಾಲೆಯಲ್ಲಿ ಅವಳ ಗಂಡ ರಾಮಾಂಜಿನಪ್ಪನನ್ನು ಚಾಪೆಯ ಮೇಲೆ ಮಲಗಿಸಿದ್ದರು.

ಪಕ್ಕದ ಮನೆಯ ಕದಿರಮ್ಮ ಬಾಗಿಲು ತಟ್ಟಿದಳು. "ಒಳಗೇನು ಮಾಡ್ತಾ ಇದೀಯೇ? ದಾಬಸ್‌ಪೇಟೆಯಿಂದ ನಿಮ್ಮೋರು ಬಂದವ್ರೆ, ಕೇಳ್ತಾವ್ರೆ."

"ಬಂದೆ ಕದಿರಕ್ಕ. ಒಂದು ಗಳಿಗೆ."

ಬೀದಿಗಿದ್ದ ಆ ಕೋಣೆಯೇ ರಾಮಾಂಜಿನಪ್ಪನ ರೇಡಿಯೋ ರಿಪೇರಿ ಅಂಗಡಿ. ನಂದಗುಡಿಯ ಸುತ್ತಮುತ್ತಲ ಹಳ್ಳಿಗಳಿಗೆಲ್ಲ ಅದೊಂದೇ. ನಿನ್ನೆ ಮಧ್ಯಾಹ್ನ ಊಟ ಮುಗಿಸಿ ಬಂದವನು, ಇದೇ ಮೇಜಿನ ಮೇಲೆ ಬಿಚ್ಚಿಟ್ಟಿದ್ದ ರೇಡಿಯೋದೊಳಗೆ ಬೆರಳಿಟ್ಟವನು, ಕೂಗಲೂ ಆಗದೆ ಬಿದ್ದುಹೋಗಿದ್ದ. ಆಗಿನಿಂದ ಅತ್ತೆ ಸೊಣ್ಣಮ್ಮನ ಬಾಯಲ್ಲಿ ಒಂದೇ ಮಾತು. "ಅವಳು ಸುತ್ತಿದ ಡಬ್ಬ ನನ್ನ ಮಗನ್ನ ತಿಂದ್ಬಿಡ್ತು."

ಅನುಸೂಯಮ್ಮ ಒಮ್ಮೆಯೂ ಎದುರಾಡಲಿಲ್ಲ. ಅದು ನಿಜವಿದ್ದರೂ ಇರಬಹುದು ಎಂಬ ಭಯ ಅವಳಿಗಿತ್ತು. ಅವನನ್ನು ಮಣ್ಣಿಗಿಡುವ ಮುಂಚೆ ಅವಳಿಗೆ ಗೊತ್ತಾಗಬೇಕಾಗಿತ್ತು.

*

ಅರವತ್ತೊಂಬತ್ತರಲ್ಲಿ ಊರಿಗೆ ಕರೆಂಟು ಬಂತು. ಅಲ್ಲಿಯತನಕ ಬ್ಯಾಟರಿ ರೇಡಿಯೋಗಳನ್ನು ಬಿಚ್ಚಿ ಜೋಡಿಸುತ್ತಿದ್ದ ರಾಮಾಂಜಿನಪ್ಪನ ಮೇಜಿಗೆ ಗೋಡೆಯ ಕರೆಂಟಿನ ರೇಡಿಯೋಗಳು ಬರತೊಡಗಿದವು. ಮೊದಲ ತಿಂಗಳಲ್ಲೇ ಒಂದು ರೇಡಿಯೋ ಪೆಟ್ಟಿಗೆ ಕರೆಂಟು ಹೊಡೆದು ಅವನನ್ನು ಗೋಡೆಗೆ ಎಸೆದಿತ್ತು. ಮೂರು ದಿನ ಬಲಗೈ ಎತ್ತಲಾಗಲಿಲ್ಲ. ಅನುಸೂಯಮ್ಮನೇ ಮುದ್ದೆ ಮುರಿದು ಬಾಯಿಗಿಟ್ಟಳು.

ಕೈ ಸರಿಹೋದ ಮೇಲೆ ಅವನು ಬೆಂಗಳೂರಿಗೆ ಹೋಗಿ ಹಳೆಯ ಕಬ್ಬಿಣದ ತಗಡುಗಳನ್ನೂ ಎರಡು ಉಂಡೆ ತಾಮ್ರದ ತಂತಿಯನ್ನೂ ತಂದ.

"ಇನ್ನೇನಿದು? ಕರೆಂಟು ಕಮ್ಮಿ ಮಾಡೋ ಚಕ್ರ ಇದೆಯಲ್ಲ, ಅದು ಸಾಲ್ದಾ?" ಎಂದು ಅವಳು ಕೇಳಿದ್ದಳು.

"ಚಕ್ರ ವೋಲ್ಟೇಜು ಇಳಿಸ್ತದೆ, ಅಷ್ಟೇ. ಗೋಡೆಯಿಂದ ನಮ್ಮನ್ನ ಬಿಡಿಸಲ್ಲ. ಐವತ್ತಕ್ಕೆ ತಿರುಗಿಸಿಟ್ರೂ ಪೆಟ್ಟಿಗೆ ತಗಡು ಪೂರಾ ಕರೆಂಟು ಹೊಡೀಬೋದು. ಇಳಿಸಿದೀನಿ ಅಂತ ಧೈರ್ಯವಾಗಿ ಕೈ ಹಾಕ್ತೀವಿ ನೋಡು, ಆವಾಗಲೇ ಹೋಗೋದು." ಅವನು ತಂತಿಯನ್ನು ಬೆಳಕಿಗೆ ಹಿಡಿದು ನೋಡಿದ. "ಇದರಲ್ಲಿ ಎರಡು ಸುರುಳಿ. ಒಂದು ಗೋಡೆ ಕಡೆಗೆ, ಒಂದು ನಮ್ಮ ಕಡೆಗೆ. ಒಂದನ್ನೊಂದು ಮುಟ್ಟೋದೇ ಇಲ್ಲ. ಆಮೇಲೆ ನಮ್ಮ ಕಡೆ ತಂತಿ ಒಂದನ್ನ ಮರೆತು ಮುಟ್ಟಿದ್ರೂ ಕರೆಂಟಿಗೆ ನಮ್ಮ ಮೈಯೊಳಗಿಂದ ಭೂಮಿಗೆ ಇಳಿಯೋಕೆ ದಾರಿ ಇರಲ್ಲ."

"ಎರಡನ್ನೂ ಮುಟ್ಟಿದ್ರೆ?"

"ಎರಡನ್ನೂ ಮುಟ್ಟಿದ್ರೆ ಸಾಯ್ತೀವಿ. ನಮ್ಮ ಕಡೆಗೆ ಯಾರಾದ್ರೂ ಭೂಮಿ ತಂತಿ ಕೊಟ್ರೂ ಅಷ್ಟೇ, ಡಬ್ಬ ಇದ್ದೂ ಇಲ್ಲದಂಗೆ."

ಅವನು ಸುತ್ತಲು ಕೂತರೆ ಗಿರಾಕಿಗಳು ಬಂದು ಮಾತಾಡಿಸುತ್ತಿದ್ದರು, ಲೆಕ್ಕ ತಪ್ಪುತ್ತಿತ್ತು. ಎರಡು ಸಲ ಬಿಚ್ಚಿ ಬಿಸಾಡಿದ. ಮೂರನೆಯ ಸಲ ಅನುಸೂಯಮ್ಮ ತಂತಿಯನ್ನು ಅವನ ಕೈಯಿಂದ ತೆಗೆದುಕೊಂಡಳು. ನೂರು ಸುತ್ತಿಗೆ ಒಂದು ಹುಣಸೆಬೀಜ ಪಕ್ಕಕ್ಕಿಟ್ಟು, ಪದರಕ್ಕೊಂದು ಎಣ್ಣೆಕಾಗದ ಹಾಸಿ, ಹನ್ನೊಂದು ದಿನ ಸುತ್ತಿದಳು. ಅವನು ಚಕ್ರದ ಜೊತೆ ಅದನ್ನು ಒಂದೇ ಮರದ ಡಬ್ಬದಲ್ಲಿ ಕೂರಿಸಿದ. ಬಂದವರಿಗೆಲ್ಲ ಹೇಳುತ್ತಿದ್ದ. "ನಮ್ಮನೆಯವಳು ಸುತ್ತಿದ್ದು. ನನ್ನ ಜೀವ ಇದರೊಳಗೈತೆ."

*

ಅವಳು ಬೋರ್ಡಿನ ಗುಂಡಿ ಒತ್ತಿದಳು. ಡಬ್ಬ ಮೆಲ್ಲಗೆ ಗುಂಯ್‌ಗುಟ್ಟಿತು. ಎರಡು ತಂತಿ ಬಿಟ್ಟ ಪರೀಕ್ಷೆಯ ಬಲ್ಬು ಮೇಜಿನ ಮೇಲಿತ್ತು. ಅವನು ವಾರಕ್ಕೊಮ್ಮೆ ಮಾಡುತ್ತಿದ್ದುದನ್ನು ಅವಳು ನೋಡಿದ್ದಳು: ಬಲ್ಬಿನ ಒಂದು ತುದಿ ಡಬ್ಬದ ಎರಡು ಹೊರತಂತಿಗಳಿಗೆ ಒಂದಾದ ಮೇಲೊಂದರಂತೆ, ಇನ್ನೊಂದು ತುದಿ ಹೊರಗೆ ನೆಲದಲ್ಲಿ ಹೂತು ಕಿಟಕಿಯಿಂದ ಒಳತಂದ ಭೂಮಿ ತಂತಿಗೆ. ಬಲ್ಬು ಹತ್ತಬಾರದು. ಹತ್ತಿದರೆ ಡಬ್ಬ ಕೆಟ್ಟಿದೆ ಎಂದರ್ಥ.

ಅವನ ರಬ್ಬರು ಚಪ್ಪಲಿ ಮೆಟ್ಟಿಕೊಂಡು, ಒಂದು ತುದಿ ಭೂಮಿ ತಂತಿಗೆ, ಇನ್ನೊಂದು ಡಬ್ಬದ ಮೊದಲ ಹೊರತಂತಿಗೆ ಸಿಕ್ಕಿಸಿದಳು. ಏನೂ ಆಗಲಿಲ್ಲ. ಉಸಿರು ಬಿಟ್ಟು ಎರಡನೆಯ ಹೊರತಂತಿಗೆ ಸಿಕ್ಕಿಸಿದಳು.

ಬಲ್ಬು ಝಗ್ಗೆಂದು ಹತ್ತಿತು.

ಹನ್ನೊಂದು ದಿನ. ಎಲ್ಲಿ ಕಾಗದ ಹರಿದಿತ್ತು? ಯಾವ ಪದರದಲ್ಲಿ ಕೈ ಸೋತಿತ್ತು? ನಾನೇ ಕೊಂದೆ. ಅವಳು ಮೇಜಿನಂಚಿಗೆ ಹಣೆ ಒತ್ತಿ ಕುಸಿದಳು.

ಹಾಗೆ ತಗ್ಗಿದಾಗಲೇ ಕಂಡದ್ದು. ಕಿಟಕಿಯಿಂದ ಬಂದ ಭೂಮಿ ತಂತಿ ಎಂದಿನಂತೆ ಮೊಳೆಗೆ ಸುತ್ತಿರಲಿಲ್ಲ. ಇನ್ನೂ ಡಬ್ಬಕ್ಕೇ ಸಿಕ್ಕಿಸಿದ್ದ ರೇಡಿಯೋದ ಹಿಂದಕ್ಕೆ ಹೋಗಿ, ಪೆಟ್ಟಿಗೆಯ ತಗಡಿನ ತಿರುಪಿಗೆ ನೀಟಾಗಿ ಎರಡು ಸುತ್ತು ಸುತ್ತಿಕೊಂಡಿತ್ತು.

ಗುಂಡಿ ಆರಿಸಿ, ಅದನ್ನು ಬಿಚ್ಚಿದಳು. ಮತ್ತೆ ಗುಂಡಿ ಒತ್ತಿದಳು. ಈ ತಂತಿಗೆ ಬಲ್ಬು ಹತ್ತಲಿಲ್ಲ. ಆ ತಂತಿಗೂ ಹತ್ತಲಿಲ್ಲ. ಅವಳು ಸುತ್ತಿದ್ದರಲ್ಲಿ ಒಂದೆಳೆಯೂ ಕೆಟ್ಟಿರಲಿಲ್ಲ.

ಆದರೆ ಅವನು ಎಂದೂ ಆ ತಂತಿಯನ್ನು ಅಲ್ಲಿ ಸಿಕ್ಕಿಸುವವನಲ್ಲ. ಡಬ್ಬವನ್ನು ನಂಬಿ, ಆಗಷ್ಟೇ ಸಾರಿಸಿದ ಹಸಿ ನೆಲದ ಮೇಲೆ ಬರಿಗಾಲಲ್ಲಿ ನಿಂತು ಕೈ ಹಾಕಿದ್ದ. ನೆಲ ಸಾರಿಸಿದ್ದು ಅವಳು. ತಂತಿ ಸಿಕ್ಕಿಸಿದ್ದು?

ಬಾಗಿಲು ತೆರೆದುಕೊಂಡಿತು. ರಾಮಾಂಜಿನಪ್ಪನ ಅಣ್ಣ ದೊಡ್ಡಮುನಿಯಪ್ಪ ಒಳಗೆ ಬಂದ. ರೇಡಿಯೋ ಅವನದೇ, ನಿನ್ನೆ ಅದನ್ನು ಹೊತ್ತು ತಂದು, ತಮ್ಮ ಊಟ ಮಾಡಿ ಬರುವತನಕ ಇಲ್ಲೇ ಬೆಂಚಿನ ಮೇಲೆ ಕೂತಿದ್ದ. ಅತ್ತು ಅತ್ತು ಅವನ ಮುಖ ಊದಿತ್ತು.

"ಎತ್ತೋ ಹೊತ್ತಾಯ್ತು ಕಣಮ್ಮ. ಬಾ, ಕೊನೇ ಸಲ ಮುಖ ನೋಡ್ಕೋ."

"ಭಾವ, ಈ ತಂತಿ ಸಿಕ್ಸಿದ್ದು ಯಾರು?"

"ನಾನೇ ಕಣಮ್ಮ. ಕರಕರ ಅಂತಿತ್ತು. ನಮ್ಮ ಹಳೇ ಬ್ಯಾಟರಿ ರೇಡಿಯೋಗೆ ಭೂಮಿ ತಂತಿ ಕೊಟ್ರೆ ಚೆನ್ನಾಗಿ ಕೇಳ್ತದೆ ಅಂತ ಅವನೇ ಹೇಳಿಕೊಟ್ಟಿದ್ನಲ್ಲ. ಅವನಿಗೆ ಅಷ್ಟು ಕೆಲಸ ಕಮ್ಮಿಯಾಗ್ಲಿ ಅಂತ ಸಿಕ್ಸಿ ಕೂತಿದ್ದೆ." ದೊಡ್ಡಮುನಿಯಪ್ಪ ಟವಲಿನಿಂದ ಕಣ್ಣೊರೆಸಿಕೊಂಡ. "ಯಾಕಮ್ಮ?"

ಅನುಸೂಯಮ್ಮ ಬಿಚ್ಚಿದ ತಂತಿಯನ್ನು ಮೊಳೆಗೆ ಸುತ್ತಿಟ್ಟಳು. "ಏನಿಲ್ಲ ಭಾವ."

*

ಹೆಣ ಎತ್ತುವ ಹೊತ್ತಿಗೆ ಸೊಣ್ಣಮ್ಮ ಸೊಸೆಯ ಎದುರು ನಿಂತಳು. ಮುದುಕಿಯ ತಲೆಗೂದಲು ಕೆದರಿತ್ತು, ದನಿ ಬಿದ್ದುಹೋಗಿತ್ತು.

"ಆ ಡಬ್ಬಾನ ಬಾವಿಗೆ ಹಾಕು. ನೀನೇ ಹೊತ್ಕೊಂಡೋಗಿ ಹಾಕು. ಹೆಂಗಸು ಮಾಡೋ ಕೆಲಸವೇನೇ ಅದು? ನಿನಗ್ಯಾಕೇ ಬೇಕಿತ್ತು?"

ನೆರೆದಿದ್ದವರಲ್ಲಿ ಕದಿರಮ್ಮ ಮಾತ್ರ, "ಬಿಡು ಸೊಣ್ಣಮ್ಮತ್ತೆ, ಅವಳ ಹೊಟ್ಟೆ ಉರಿಯೋದು ಅವಳಿಗೆ ಗೊತ್ತು" ಎಂದಳು.

ದೊಡ್ಡಮುನಿಯಪ್ಪ ತಾಯಿಯನ್ನು ಪಕ್ಕಕ್ಕೆ ಸರಿಸಿದ. ಅನುಸೂಯಮ್ಮನ ಹತ್ತಿರ ಬಂದು, ಎಲ್ಲರಿಗೂ ಕೇಳುವಂತೆ ಹೇಳಿದ.

"ಅವ್ವನ ಮಾತು ಮನಸ್ಸಿಗೆ ಹಾಕ್ಕೋಬೇಡ ಕಣಮ್ಮ. ನೀನೇನು ಬೇಕಂತ ಮಾಡಿದ್ದಲ್ಲ. ಕೈ ತಪ್ಪು ಯಾರಿಗಾದ್ರೂ ಆಗ್ತದೆ. ನನ್ನ ಮನಸ್ಸಲ್ಲಿ ನಿನ್ನ ಮೇಲೆ ಏನೂ ಇಲ್ಲ."

ಅವಳು ಸೆರಗನ್ನು ಬಾಯಿಗೆ ತುರುಕಿಕೊಂಡಳು. ಅಳುವೆಂದು ಎಲ್ಲರೂ ತಿಳಿದರು. ಒಳಗೆ ಇದ್ದದ್ದು ಕೂಗು. ನೀನು, ನೀನು ಭಾವ, ನಾನಲ್ಲ. ಅದನ್ನು ಹೊರಗೆ ಬಿಟ್ಟರೆ ಈ ಮುದುಕಿಗೆ ಉಳಿದಿರುವ ಒಬ್ಬ ಮಗನೂ ಇವತ್ತೇ ಹೋಗುತ್ತಾನೆ. ಬಿಡದಿದ್ದರೆ ಬದುಕಿರುವತನಕ ಗಂಡನನ್ನು ಕೊಂದವಳು ತಾನು. ಚಟ್ಟ ಮೇಲಕ್ಕೆದ್ದಿತು. ಹಿಂದೆ ಓಡಲು ಹೋದವಳನ್ನು ನಾಲ್ಕು ಹೆಂಗಸರು ಹಿಡಿದು ಕೂರಿಸಿದರು.

ಮಣ್ಣು ಮಾಡಿದವರು ಹೊತ್ತು ಇಳಿಯುವ ಮುಂಚೆ ಬಂದರು. ಅಷ್ಟರಲ್ಲಿ ಅವಳು ನಿರ್ಧಾರ ಮಾಡಿದ್ದಳು: ಹೇಳುವುದಿಲ್ಲ. ಅಪವಾದವನ್ನು ಹೊರುತ್ತೇನೆ. ಹೆಣ ಮಲಗಿಸಿದ್ದ ಜಾಗದಲ್ಲಿ ದೀಪ ಹಚ್ಚಿಟ್ಟು, ಅಂಗಳದಲ್ಲಿ ನೀರಿನ ಕೊಳಗ ಇಟ್ಟಳು. ಒಬ್ಬೊಬ್ಬರೇ ಕೈಕಾಲು ತೊಳೆದು, ಒಳಗೆ ಇಣುಕಿ ದೀಪ ನೋಡಿ, ಬರ್ತೀವಿ ಎಂದು ಹೇಳದೆ ಹೊರಟರು.

ಕೊನೆಗೆ ದೊಡ್ಡಮುನಿಯಪ್ಪ ಬಂದ. ಉಗುರಿನ ಸಂದಿಯಲ್ಲಿ ಕೆಂಪು ಮಣ್ಣಿತ್ತು. ನೀರು ಹಾಕಿಕೊಳ್ಳುತ್ತ ಹೇಳಿದ.

"ಆ ರೇಡಿಯೋ ನಾನು ತಗೊಂಡೋಗ್ತೀನಿ ಕಣಮ್ಮ. ಅವನ ಕೈ ಕೊನೇಲಿ ಮುಟ್ಟಿದ ಸಾಮಾನು. ಮನೇಲಿ ಮಕ್ಕಳಾದ್ರೂ ಕೇಳ್ಲಿ. ಭೂಮಿ ತಂತಿ ನಮ್ಮನೇಲೂ ಐತೆ, ನಾನೇ ಸಿಕ್ಸ್ಕೋತೀನಿ."

ಅನುಸೂಯಮ್ಮನಿಗೆ ಅವನ ಇಬ್ಬರು ಹೆಣ್ಣುಮಕ್ಕಳು ಕಣ್ಣಮುಂದೆ ಬಂದರು. ಚಿಕ್ಕವಳು ಸಿಕ್ಕಿದ್ದನ್ನೆಲ್ಲ ಹಿಡಿದು ಎಳೆಯುವವಳು.

"ಬೇಡ ಭಾವ."

"ಯಾಕಮ್ಮ? ನಿನಗೆ ಬೇಕಾ? ಇಟ್ಕೋ ಹಂಗಾದ್ರೆ."

"ಅದಕ್ಕಲ್ಲ." ಅವಳ ದನಿ ಒಡೆಯಿತು. "ಆ ಪೆಟ್ಟಿಗೆಗೆ ಭೂಮಿ ತಂತಿ ಕೊಡಬಾರದು ಭಾವ. ಬ್ಯಾಟರಿದಕ್ಕೆ ಕೊಡಬೋದು, ಇದಕ್ಕೆ ಕೊಡಬಾರದು. ಇದರ ತಗಡೇ ಕರೆಂಟು. ನಿಮ್ಮನೇಲಿ ಸಿಕ್ಸಿದ್ರೆ ಆ ತಂತಿಗೆಲ್ಲ ಕರೆಂಟು ಇಳೀತದೆ. ಮಕ್ಕಳು ಮುಟ್ಟಿದ್ರೆ ಉಳಿಯಲ್ಲ."

"ಇಲ್ಲಿ ಸಿಕ್ಸಿದ್ನಲ್ಲ? ಏನೂ ಆಗ್ಲಿಲ್ಲ. ಕಿಡಿ ಕೂಡ ಬರ್ಲಿಲ್ಲ."

"ಇಲ್ಲಿ ಡಬ್ಬ ಇತ್ತು. ಅದಕ್ಕೇ ಬರ್ಲಿಲ್ಲ." ಅವಳು ನೆಲ ನೋಡಿದಳು. "ಡಬ್ಬ ಕಾಯೋದು ಭೂಮಿ ತಂತಿ ಕೊಡೋವರೆಗೆ ಮಾತ್ರ."

ಅವನು ಕಾಲು ಉಜ್ಜುತ್ತಿದ್ದವನು ನಿಲ್ಲಿಸಿದ. ಬೆಳಿಗ್ಗೆ ಅವಳು ಕೇಳಿದ ಪ್ರಶ್ನೆ ಅವನಿಗೆ ಈಗ ಮತ್ತೆ ಕೇಳಿಸಿರಬೇಕು. ಅವಳ ಮುಖವನ್ನು ನೋಡಿದ. ಏನೋ ಕೇಳಲು ಬಾಯಿ ತೆರೆದ. ಅವಳು ಇಲ್ಲ ಎನ್ನಬೇಕೆಂದುಕೊಂಡಳು. ತಲೆ ಆಡಿಸಲು ಆಗಲಿಲ್ಲ.

"ಮುನಿಯಾ, ದೀಪ ನೋಡ್ಬಾರೋ" ಎಂದು ಸೊಣ್ಣಮ್ಮ ಒಳಗಿನಿಂದ ಕರೆದಳು.

ಅವನು ಅಲುಗಲಿಲ್ಲ. ಮುದುಕಿ ಗೋಡೆ ಹಿಡಿದುಕೊಂಡು ಹೊಸಿಲು ದಾಟಿ, ಮೆಟ್ಟಿಲಿಳಿದು ಬಂದಳು. ಉಳಿದ ಮಗನ ತೋಳು ಹಿಡಿಯಲು ಕೈ ಚಾಚಿದಳು.

ದೊಡ್ಡಮುನಿಯಪ್ಪ ಹಿಂದಕ್ಕೆ ಸರಿದ. ನೀರು ಸೋರುತ್ತಿದ್ದ ಎರಡೂ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ.

"ಮುಟ್ಬೇಡ ಕಣವ್ವ" ಎಂದ. "ನನ್ನ ಮುಟ್ಬೇಡ."

ಸೊಣ್ಣಮ್ಮ ಚಾಚಿದ ಕೈಯನ್ನು ಹಾಗೇ ಹಿಡಿದು, ಏನೂ ತಿಳಿಯದೆ, ಅಂಗಳದಲ್ಲಿ ಇನ್ನೂ ಒಂದು ಹೆಜ್ಜೆ ಮುಂದಿಟ್ಟಳು.